ಕೊಳ್ಳೇಗಾಲಕ್ಕೆ ಕ್ಯಾಸೆಟ್ಟು ಬಂದ ಕಾಲ

ಕೊಳ್ಳೇಗಾಲದ ಬಗ್ಗೆ ಬರೆದವರು ರೇಷ್ಮೆ ಸೀರೆಯನ್ನು ಬರೆದಿದ್ದಾರೆ, ಮಲೆಯ ಮಾದಪ್ಪನನ್ನು ಬರೆದಿದ್ದಾರೆ, ಮಾಟಮಂತ್ರದ ಕೆಟ್ಟ ಹೆಸರನ್ನೂ ಬಿಡದೆ ಬರೆದಿದ್ದಾರೆ. ಈ ಊರಿನ ಹೆಣ್ಣುಮಕ್ಕಳು ಯಾವ ಹಾಡು ಕೇಳಿ ಬೆಳೆದರು, ಆ ಹಾಡು ಅವರ ಕೈಗೆ ಹೇಗೆ ಬಂತು ಎಂಬುದನ್ನು ಬರೆದದ್ದು ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ. ಅದೂ ಚರಿತ್ರೆಯೇ ಎಂದು ಯಾರಿಗೂ ಅನ್ನಿಸಿರಲಾರದು. ಮೂವತ್ತು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದ ನನಗೂ ಹಾಗೆ ಅನ್ನಿಸಿದ್ದು ತೀರ ಈಚೆಗೆ, ನನ್ನ ಹೈಸ್ಕೂಲು ಮತ್ತು ಕಾಲೇಜು ದಿನಗಳ ಹತ್ತೊಂಬತ್ತು ಕ್ಯಾಸೆಟ್ಟುಗಳನ್ನು ಒಂದೊಂದಾಗಿ ಮತ್ತೆ ಕೇಳಿದಾಗ. ಟೇಪು ಅಂಟಿಕೊಂಡು ಹಾಡದೆ ಹೋದ ಏಳು ಕ್ಯಾಸೆಟ್ಟಿನ ಹಾಡುಗಳನ್ನು ಮಗ ಫೋನಿನಲ್ಲಿ ಹುಡುಕಿಕೊಟ್ಟ. ಉಳಿದ ಹನ್ನೆರಡು, ಮೈಸೂರಿನಲ್ಲಿ ರಿಪೇರಿ ಮಾಡಿಸಿದ ಹಳೆಯ ಪೆಟ್ಟಿಗೆಯಲ್ಲಿ ಈಗಲೂ ಹಾಡುತ್ತವೆ, ಕೊಂಚ ನಡುಗುತ್ತ.

ನಮ್ಮದು ಗಡಿಯ ಸೀಮೆ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹನೂರು ಈ ತಾಲ್ಲೂಕಿನ ಒಳಗೇ ಇತ್ತು; ಅದು ಬೇರೆ ತಾಲ್ಲೂಕಾದದ್ದು ಮೊನ್ನೆ ಮೊನ್ನೆ. ಪಕ್ಕದ ಯಳಂದೂರು ಮಾತ್ರ ಮೈಸೂರು ಸಂಸ್ಥಾನದ್ದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಟ್ಟ ಊರು. ಅಪ್ಪನ ಊರು ಕೊಳ್ಳೇಗಾಲ, ಅವ್ವನ ತವರು ಯಳಂದೂರು. ಮದುವೆಯಾದದ್ದು ಏಕೀಕರಣಕ್ಕೆ ಎರಡು ವರ್ಷ ಮೊದಲು. ‘ಸೊಸೇನ ಬೇರೆ ರಾಜ್ಯದಿಂದ ತಂದೋ’ ಎಂದು ತಾತ ನಗುತ್ತಿದ್ದರಂತೆ, ದಾರಿ ನೋಡಿದರೆ ಬಸ್ಸಿನಲ್ಲಿ ಅರ್ಧ ಗಂಟೆ. ಗಡಿಯ ಗೆರೆ ಬದಲಾದಾಗ ನಾವು ಈಚೆ ಬಂದೆವು, ಅದೇ ಕೊಯಮತ್ತೂರು ಜಿಲ್ಲೆಯ ತಾಳವಾಡಿ ಸೀಮೆ ಆಚೆ ಉಳಿಯಿತು. ಡಾ. ರಾಜ್‌ಕುಮಾರ್ ಹುಟ್ಟಿದ ಗಾಜನೂರು ಇರುವುದು ಅಲ್ಲಿ. ಕನ್ನಡ ನಾಡಿನ ಕಂಠವೇ ಗಡಿಯಾಚೆಯದು ಎಂದು ಅಪ್ಪ ಹೇಳುತ್ತಿದ್ದರು. ಹೀಗಾಗಿ ನಮ್ಮ ಬೀದಿಯಲ್ಲಿ ಹಾಡಿಗೆ ಭಾಷೆಯ ತಂಟೆ ಇರಲಿಲ್ಲ. ಒಂದು ಮನೆಯಲ್ಲಿ ಕನ್ನಡ, ಪಕ್ಕದಲ್ಲಿ ತಮಿಳು, ಎದುರುಮನೆಯಲ್ಲಿ ಹಿಂದಿ.

ಎಲ್ಲವೂ ರೇಡಿಯೋದಿಂದ. ನಮ್ಮದು ಮಗ್ಗದ ಬೀದಿ. ಬೆಳಗಿನಿಂದ ಕತ್ತಲಾಗುವವರೆಗೆ ಕುಣಿಮಗ್ಗದ ಲಾಳಿಯ ಸದ್ದು, ಅದರ ಮೇಲೆ ಮೊಳೆಗೆ ನೇತುಹಾಕಿದ ರೇಡಿಯೋದ ಸದ್ದು. ಆಕಾಶವಾಣಿ ಎಂಬ ಹೆಸರು ಮೊದಲು ಕೇಳಿಬಂದದ್ದು ನಮ್ಮ ಮೈಸೂರಿನಲ್ಲಿ, 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಆರಂಭಿಸಿದ ಬಾನುಲಿ ಕೇಂದ್ರದಿಂದ ಎಂಬುದನ್ನು ಮಕ್ಕಳಿಗೆ ಹೇಳುವಾಗ ನನಗೆ ಈಗಲೂ ಹೆಮ್ಮೆ. ಆದರೆ ರೇಡಿಯೋ ಕೊಟ್ಟದ್ದನ್ನು ಕೇಳಬೇಕು. ಇಷ್ಟದ ಹಾಡು ಬಂದಾಗ ನೀವು ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುತ್ತಿದ್ದರೆ ಆಯಿತು, ಅದು ಇನ್ನೆಂದು ಬರುತ್ತದೋ. ಟೆಂಟು ಸಿನಿಮಾದವನು ಪ್ರದರ್ಶನಕ್ಕೆ ಮುಂಚೆ ಹಾಕುವ ಹಾಡು ಅವನಿಷ್ಟ. ಮದುವೆಮನೆಯಲ್ಲಿ ಮೈಕ್‌ಸೆಟ್ಟಿನವನು ಹಾಕುವ ಹಾಡು ಅವನಿಷ್ಟ. ನಮಗೆ ಬೇಕಾದ ಹಾಡನ್ನು ಬೇಕಾದಾಗ, ಬೇಕಾದಷ್ಟು ಸಲ ಕೇಳಬಹುದು ಎಂಬ ವಿಚಾರವೇ ಇರಲಿಲ್ಲ. ಕರೆಂಟಿನ ಕಥೆಯೂ ಇದೇ ಅನ್ನಿ. ನಮ್ಮ ಮಗ್ಗುಲ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಹುಟ್ಟಿದಾಗ ಅದು ಹೋದದ್ದು 147 ಕಿಲೋಮೀಟರ್ ಆಚೆಯ ಕೋಲಾರದ ಚಿನ್ನದ ಗಣಿಗೆ. ಮನೆ ಬಾಗಿಲಲ್ಲಿ ಹುಟ್ಟಿದ್ದು ಮನೆಗೆ ಸಿಗುವುದಕ್ಕೆ ಕಾಲ ಬೇಕು.

ನಮ್ಮ ಮನೆಗೆ ಟೇಪ್ ರೆಕಾರ್ಡರು ಬಂದದ್ದು 1981ರಲ್ಲಿ, ನಾನು ಎಂಟನೆಯ ತರಗತಿಯಲ್ಲಿದ್ದಾಗ. ಸೀರೆ ಗಂಟು ಹೊತ್ತು ಮದ್ರಾಸಿಗೆ ಹೋಗಿಬರುತ್ತಿದ್ದ ಚಿಕ್ಕಪ್ಪ ಬರ್ಮಾ ಬಜಾರಿನಿಂದ ಒಂದು ಟೂ-ಇನ್-ಒನ್ ತಂದರು. ಕ್ಯಾಸೆಟ್ಟನ್ನು ಫಿಲಿಪ್ಸ್ ಕಂಪನಿ ಹೊರತಂದದ್ದು 1963ರಲ್ಲಿ. ನಮ್ಮ ಬೀದಿಗೆ ಬರಲು ಹದಿನೆಂಟು ವರ್ಷ ಹಿಡಿಯಿತು. ಅಂಗೈಯಗಲದ ಆ ಡಬ್ಬಿಯೊಳಗೆ, ಸಿ-60 ಆದರೆ ಹತ್ತಿರ ಹತ್ತಿರ 90 ಮೀಟರ್ ಟೇಪು ಸುತ್ತಿರುತ್ತದೆ ಎಂದು ಚಿಕ್ಕಪ್ಪ ಹೇಳಿದಾಗ ಅಪ್ಪ ಅದನ್ನು ಸೀರೆಯ ಲೆಕ್ಕದಲ್ಲಿ ಹಾಕಿ ‘ಹದಿನಾರು ಸೀರೆ ಉದ್ದ’ ಎಂದರು. ನೇಕಾರರಿಗೆ ಎಲ್ಲವೂ ಮೊಳದಲ್ಲೇ ಅರ್ಥವಾಗಬೇಕು. ಟೇಪು ಒಳಗೆ ಸಿಕ್ಕಿಕೊಂಡರೆ ಬಿಡಿಸುವ ಕೆಲಸ ಅಪ್ಪನದು. ರೇಷ್ಮೆ ಎಳೆ ಹಿಡಿದ ಬೆರಳಿಗೆ ಅದು ಕಷ್ಟವೇ ಅಲ್ಲ. ಪೆನ್ಸಿಲ್ ತೂರಿಸಿ ಸುತ್ತುವ ಕೆಲಸ ಮಾತ್ರ ನಮ್ಮದು.

ಚಿಕ್ಕಪ್ಪ ಪೆಟ್ಟಿಗೆಯೊಂದಿಗೆ ತಂದ ಮೊದಲ ಕ್ಯಾಸೆಟ್ಟು ಬೋನಿ ಎಂ. ಅಂಗಡಿಯವನು ‘ಇದೇ ಓಡ್ತಿರೋದು’ ಅಂದನಂತೆ, ತಂದರು. ನಮ್ಮ ಬೀದಿಯಲ್ಲಿ ಇಂಗ್ಲಿಷ್ ಹಾಡು ಕೇಳಿದ್ದು ಅದೇ ಮೊದಲು. ಒಂದು ಪದ ತಿಳಿಯುತ್ತಿರಲಿಲ್ಲ, ಆದರೆ ಮೂರು ದಿನದಲ್ಲಿ ಎಲ್ಲ ಹಾಡೂ ಬಾಯಿಗೆ ಬಂದಿತ್ತು, ನಮ್ಮದೇ ಕನ್ನಡದಂಥ ಇಂಗ್ಲಿಷಿನಲ್ಲಿ. ಅದರಲ್ಲಿ ಬ್ಯಾಬಿಲೋನಿನ ನದಿಗಳ ಹಾಡು ಎಂದು ಒಂದಿತ್ತು, 1978ರಲ್ಲಿ ಲೋಕವನ್ನೆಲ್ಲ ಕುಣಿಸಿದ ಹಾಡು. ಜಮೈಕಾದ ಹಾಡುಗಾರರು 1970ರಲ್ಲೇ ಹಾಡಿದ್ದನ್ನು ಇವರು ಮತ್ತೆ ಹಾಡಿದ್ದು. ಮಾರ್ಟಳ್ಳಿ ಕಡೆಯ ಒಬ್ಬ ಹುಡುಗಿ ನಮ್ಮ ತರಗತಿಯಲ್ಲಿದ್ದಳು, ಹಾಸ್ಟೆಲಿನವಳು, ಮನೆಮಾತು ತಮಿಳು, ಕ್ರೈಸ್ತರ ಮಗು. ಒಂದು ಭಾನುವಾರ ನಮ್ಮ ಮನೆಗೆ ಬಂದವಳು ಹಾಡು ಕೇಳಿ ಸುಮ್ಮನೆ ಕುಳಿತುಬಿಟ್ಟಳು. ‘ಇದು ನಮ್ಮ ಬೈಬಲ್ಲಿನ ಕೀರ್ತನೆ ಕಣೆ, ಇದಕ್ಕೆ ಕುಣಿತಾರಾ?’ ಎಂದಳು. ಈಗ ಓದಿ ನೋಡಿದರೆ ಅವಳು ಹೇಳಿದ್ದು ನಿಜ. ಅದು 137ನೆಯ ಕೀರ್ತನೆ. ಸೆರೆಯಾಳುಗಳಾಗಿ ಬ್ಯಾಬಿಲೋನಿಗೆ ಹೋದ ಜನ ನದಿಯ ದಡದಲ್ಲಿ ಕುಳಿತು ಅಳುತ್ತಾರೆ. ಸೆರೆ ಹಿಡಿದವರು ನಿಮ್ಮೂರ ಹಾಡು ಹಾಡಿ ಎಂದು ಪೀಡಿಸುತ್ತಾರೆ. ಪರನಾಡಿನಲ್ಲಿ ಹೇಗೆ ಹಾಡುವುದು ಎಂದು ಇವರು ಕೇಳುತ್ತಾರೆ. ಹಾಡಲಾರೆವು ಎನ್ನುವವರ ಮಾತಿಗೆ ಲೋಕವೇ ಕುಣಿದದ್ದು ವಿಚಿತ್ರ. ಇನ್ನೊಂದು ವಿಚಿತ್ರ, ಆ ತಂಡದಲ್ಲಿ ಕುಣಿಯುತ್ತಿದ್ದ ಗಂಡಸು ಬಾಬಿ ಫ್ಯಾರೆಲ್, ಆದರೆ ಕ್ಯಾಸೆಟ್ಟಿನಲ್ಲಿ ಕೇಳುವ ಗಂಡುದನಿ ನಿರ್ಮಾಪಕ ಫ್ರಾಂಕ್ ಫೇರಿಯನ್ ಎಂಬ ಜರ್ಮನಿಯವನದು. ನಮ್ಮ ಸಿನಿಮಾದ ಹಾಗೆಯೇ, ತುಟಿ ಒಬ್ಬರದು, ಗಂಟಲು ಒಬ್ಬರದು. ಈಗ ಕೇಳಿದರೆ ಹಾಡುಗಳು ಹಗುರ ಅನ್ನಿಸುತ್ತವೆ. ಆದರೆ ಕೈಕಾಲು ಈಗಲೂ ಸುಮ್ಮನಿರುವುದಿಲ್ಲ.

ಅದೇ ವರ್ಷ ಬಂದದ್ದು ನಾಜಿಯಾ ಹಸನ್‌ಳ ‘ಡಿಸ್ಕೋ ದೀವಾನೆ’. ನನಗೆ ಆ ಕ್ಯಾಸೆಟ್ಟು ಮುಖ್ಯ, ಯಾಕೆಂದರೆ ಹಾಡಿದವಳು ಹುಡುಗಿ. ಪಾಕಿಸ್ತಾನದಲ್ಲಿ ಹುಟ್ಟಿ ಲಂಡನ್ನಿನಲ್ಲಿ ಓದುತ್ತಿದ್ದವಳು. 1980ರ ‘ಕುರ್ಬಾನಿ’ ಚಿತ್ರಕ್ಕೆ ಹಾಡಿದಾಗ ಅವಳಿಗೆ ಹದಿನೈದು. ಶಾಲೆಗೆ ಹೋಗುವ ಹುಡುಗಿಯ ದನಿ ಹಾಗೇ, ಅರ್ಧ ಮೂಗಿನಲ್ಲಿ, ಯಾರಿಗೂ ಹೆದರದೆ ಕ್ಯಾಸೆಟ್ಟಿನಲ್ಲಿ ಬರಬಹುದು ಎಂಬುದು ನಮಗೆ ಹೊಸದು. ಅಲ್ಲಿಯವರೆಗೆ ಹಾಡುವ ಹೆಂಗಸರೆಲ್ಲ ನಮಗೆ ದೊಡ್ಡವರು, ‘ಅಮ್ಮ’ ಎಂದು ಕರೆಯಬೇಕಾದವರು. ಅವಳ ಹಾಡಿಗೆ ಸಂಗೀತ ಕೊಟ್ಟ ಬಿಡ್ಡು ನಮ್ಮ ನಾಡಿನವರು ಎಂಬುದು ಆಗ ಗೊತ್ತಿರಲಿಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ಕೊಡವರು. ಲಂಡನ್ನಿಗೆ ಹೋಗಿ 1974ರಲ್ಲಿ ‘ಕುಂಗ್ ಫೂ ಫೈಟಿಂಗ್’ ಎಂಬ ಹಾಡನ್ನು ತಯಾರಿಸಿದರು, ಅದು ಇಂಗ್ಲೆಂಡ್ ಅಮೆರಿಕಾ ಎರಡರಲ್ಲೂ ಮೊದಲ ಸ್ಥಾನಕ್ಕೆ ಏರಿತು. ಕಾವೇರಿ ಹುಟ್ಟುವ ಸೀಮೆಯವರ ಹಾಡನ್ನು ಕಾವೇರಿ ಹರಿಯುವ ಊರಿನ ನಾವು ಮದ್ರಾಸಿನ ಕ್ಯಾಸೆಟ್ಟಿನಲ್ಲಿ ಲಂಡನ್ನಿನ ಮೂಲಕ ಕೇಳಿದೆವು. ನಾಜಿಯಾ 2000ದ ಆಗಸ್ಟಿನಲ್ಲಿ ಮೂವತ್ತೈದು ವರ್ಷಕ್ಕೆ ತೀರಿಕೊಂಡಳು. ಪತ್ರಿಕೆಯಲ್ಲಿ ಅದನ್ನು ಓದಿದ ದಿನ ಎಂಟನೆಯ ತರಗತಿಗೆ ಪಾಠ ಮಾಡಲು ಮನಸ್ಸು ಬರಲಿಲ್ಲ.

ಕನ್ನಡದಲ್ಲಿ ನಮ್ಮ ವಯಸ್ಸಿನವರದೇ ಎನ್ನಬಹುದಾದ ಹಾಡು ಕೊಟ್ಟದ್ದು ಶಂಕರ್ ನಾಗ್ ಅವರ ‘ಗೀತಾ’. ಅದೂ 1981. ಇಳಯರಾಜ ಸಂಗೀತ, ಚಿ. ಉದಯಶಂಕರ್ ಸಾಹಿತ್ಯ. ನಾಯಕ ವೇದಿಕೆಯ ಮೇಲೆ ನಿಂತು ಬೆಳಕಿನ ನಡುವೆ ಹಾಡುತ್ತಾನೆ, ಎಸ್.ಪಿ. ಬಾಲಸುಬ್ರಹ್ಮಣ್ಯಂ ದನಿಯಲ್ಲಿ. ಆ ಹಾಡಿಲ್ಲದೆ ನಮ್ಮ ಕಡೆ ಒಂದು ಗಣಪತಿ ಉತ್ಸವವೂ ಮುಗಿಯುತ್ತಿರಲಿಲ್ಲ. ನಾಯಕಿಗೆ ರಕ್ತದ ಕ್ಯಾನ್ಸರ್. ನಾವು ಹುಡುಗಿಯರು ಅಳುವುದಕ್ಕೆಂದೇ ಎರಡನೆಯ ಸಲ ಹೋದೆವು. ಆ ಚಿತ್ರದ ಯುಗಳಗೀತೆಯ ವಿಚಾರದಲ್ಲಿ ನಮ್ಮ ತರಗತಿಯಲ್ಲಿ ಜಗಳವೇ ಆಗಿತ್ತು. 1984ರಲ್ಲಿ ‘ನೂರಾವದು ನಾಳ್’ ಎಂಬ ತಮಿಳು ಚಿತ್ರದಲ್ಲಿ ಇಳಯರಾಜ ಅದೇ ಮಟ್ಟನ್ನು ಮತ್ತೆ ಬಳಸಿದರು. ತಮಿಳು ಮನೆಯ ಹುಡುಗಿಯರು ಅದು ತಮ್ಮದು ಅನ್ನುವುದು, ನಾವು ಮೂರು ವರ್ಷ ಹಿಂದಿನ ಕ್ಯಾಸೆಟ್ಟು ತಂದು ತೋರಿಸುವುದು. 2007ರಲ್ಲಿ ಅದು ‘ಚೀನಿ ಕಮ್’ ಹಿಂದಿ ಚಿತ್ರಕ್ಕೂ ಹೋಯಿತು. ಮನುಷ್ಯರಿಗೆ ಗಡಿ ದಾಟಲು ಎಷ್ಟು ಕಾಗದ ಬೇಕು, ರಾಗಕ್ಕೆ ಏನೂ ಬೇಡ. ಶಂಕರ್ ನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿ ಅಪಘಾತದಲ್ಲಿ ಹೋದರು. ಅವರಿಗೂ ಮೂವತ್ತೈದು ವರ್ಷ.

ಭಾವಗೀತೆಯ ಕ್ಯಾಸೆಟ್ಟುಗಳಿಗೆ ಮನೆಯಲ್ಲಿ ಅಡ್ಡಿಯಿರಲಿಲ್ಲ. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಬಂತು. ಕನ್ನಡದ ಮೊದಲ ಭಾವಗೀತೆಗಳ ಕ್ಯಾಸೆಟ್ಟು ಎಂದು ಅದಕ್ಕೆ ಹೆಸರು. ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುವ ಮೇಷ್ಟರು ಬರೆದದ್ದು ಎಂದು ಅಪ್ಪನಿಗೆ ಗೌರವ. ಆಮೇಲೆ ಸಿ. ಅಶ್ವಥ್ ಬಂದರು. ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಲೇ ಶಿಶುನಾಳ ಷರೀಫರನ್ನು, ಕೆ.ಎಸ್. ನರಸಿಂಹಸ್ವಾಮಿಯವರನ್ನು ಮನೆಮನೆಗೆ ಮುಟ್ಟಿಸಿದರು. ‘ಮೈಸೂರ ಮಲ್ಲಿಗೆ’ ಪುಸ್ತಕ 1942ರದು. ನಲವತ್ತು ವರ್ಷ ಓದುವವರ ಕೈಯಲ್ಲಿದ್ದದ್ದು ಕ್ಯಾಸೆಟ್ಟಾದ ಮೇಲೆ ಓದು ಬಾರದ ನಮ್ಮ ದೊಡ್ಡವ್ವನ ಬಾಯಿಗೂ ಬಂತು. ಇದು ಸಣ್ಣ ಮಾತಲ್ಲ.

ಈಗ ಮತ್ತೆ ಕೇಳಿದಾಗ ನನಗೆ ಬೇರೆಯೇ ಒಂದು ಹೊಳೆಯಿತು. ಆ ಹಾಡುಗಳ ಹೆಂಡತಿ ಎಷ್ಟು ಚೆಂದದವಳು, ಎಷ್ಟು ಹಿತವಾಗಿ ಮಾತಾಡುತ್ತಾಳೆ! ಹದಿನಾರರ ನಾವು ಗಂಡ ಎಂದರೆ ಹೀಗೆ ಹಾಡುವವನು ಎಂದು ನಂಬಿದೆವು. ಮದುವೆಯಾಗಿ ಮೂವತ್ತು ವರ್ಷ ದಾಟಿದವರು ಕೇಳುವಾಗ ಹಾಡಿನಲ್ಲಿ ಇಲ್ಲದ್ದೂ ಕೇಳಿಸುತ್ತದೆ: ಪಾತ್ರೆಯ ಸದ್ದು, ಅತ್ತೆಯ ಕೆಮ್ಮು, ತಿಂಗಳ ಕೊನೆಯ ಲೆಕ್ಕ. ಕವಿಗೆ ಅದು ಗೊತ್ತಿರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಬಡತನ ಅವರ ಸಾಲಿನಲ್ಲೇ ಇದೆ. ಅದು ಕೇಳಿಸಿಕೊಳ್ಳುವ ಕಿವಿ ಹದಿನಾರಕ್ಕೆ ಇರುವುದಿಲ್ಲ, ಅಷ್ಟೆ. ರತ್ನಮಾಲಾ ಪ್ರಕಾಶ್ ಅವರ ದನಿ ಮಾತ್ರ ಅಂದಿಗೂ ಇಂದಿಗೂ ಒಂದೇ ಸಮ.

ಕೊಳ್ಳುವ ಕ್ಯಾಸೆಟ್ಟಿಗಿಂತ ತುಂಬಿಸಿಕೊಳ್ಳುವ ಕ್ಯಾಸೆಟ್ಟು ಅಗ್ಗ. ಕಂಪನಿಯ ಕ್ಯಾಸೆಟ್ಟು ಒಂದಕ್ಕೆ ಅವ್ವ ಎರಡು ವಾರ ಹಾಲಿನವನಿಗೆ ಕೊಡುತ್ತಿದ್ದಷ್ಟು ದುಡ್ಡು. ಅದರ ಬದಲು ಖಾಲಿ ಕ್ಯಾಸೆಟ್ಟು ತೆಗೆದುಕೊಂಡು, ಬೇಕಾದ ಹಾಡುಗಳನ್ನು ಪಟ್ಟಿ ಮಾಡಿ ರೆಕಾರ್ಡಿಂಗ್ ಅಂಗಡಿಗೆ ಕೊಟ್ಟರೆ ನಾಲ್ಕು ದಿನದಲ್ಲಿ ತುಂಬಿಸಿಕೊಡುತ್ತಿದ್ದರು. ಪಟ್ಟಿ ಬರೆಯುವುದೇ ಒಂದು ಸುಖ. ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದು, ಹೊಡೆದು, ಎ ಬದಿಗೆ ಆರು, ಬಿ ಬದಿಗೆ ಆರು ಎಂದು ಮತ್ತೆ ಬರೆಯುವುದು. ನಮ್ಮಿಷ್ಟದಂತೆ ನಾವು ಮಾಡಿದ ಮೊದಲ ಆಯ್ಕೆ ಅದು ಎಂದರೆ ಹೆಚ್ಚಾಗಲಿಲ್ಲ. ಉಡುವ ಬಟ್ಟೆ ಅವ್ವ ಆರಿಸುತ್ತಿದ್ದಳು, ಓದುವ ವಿಷಯ ಅಪ್ಪ ಆರಿಸುತ್ತಿದ್ದರು. ಆದರೆ ಹೆಣ್ಣುಮಕ್ಕಳು ಆ ಅಂಗಡಿಗೆ ಹೋಗುವಂತಿರಲಿಲ್ಲ. ಸದಾ ನಾಲ್ಕು ಹುಡುಗರು ಕಟ್ಟೆಯ ಮೇಲೆ ಕೂತಿರುತ್ತಿದ್ದರು. ತಮ್ಮಂದಿರ ಕೈಯಲ್ಲಿ ಚೀಟಿ ಕಳಿಸಬೇಕು.

ನನ್ನ ಗೆಳತಿಯೊಬ್ಬಳು ಹಾಗೆ ಕಳಿಸಿದಳು. 1986ರ ಫೆಬ್ರವರಿ, ನಾವು ಪಿಯುಸಿ ಎರಡನೆಯ ವರ್ಷ. ತರಗತಿಯಲ್ಲಿ ನನಗಿಂತ ಜಾಣೆ, ಇಂಗ್ಲಿಷಿನಲ್ಲಿ ನನಗಿಂತ ಹತ್ತು ಅಂಕ ಯಾವಾಗಲೂ ಮುಂದೆ. ಅಕ್ಷರ ಅಚ್ಚಿನಂತೆ. ಅಂಗಡಿಯಲ್ಲಿದ್ದ ಯಾರೋ ಆ ಅಕ್ಷರ ಯಾರದೆಂದು ಚಿಕ್ಕ ಹುಡುಗನಿಂದ ಹೇಳಿಸಿಕೊಂಡರು. ಚೀಟಿ ಕಟ್ಟೆಯ ಮೇಲೆ ಕೈಯಿಂದ ಕೈಗೆ ಹೋಯಿತು. ಯಾರೋ ಅದರ ಕೆಳಗೆ ಎರಡು ಸಾಲು ಗೀಚಿದರು. ಮೂರನೆಯ ದಿನ ಅದು ಅವಳ ದೊಡ್ಡಪ್ಪನ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲಿತ್ತು. ಮಗಳು ಹುಡುಗರಿಗೆ ಪ್ರೇಮದ ಹಾಡು ಬರೆದು ಕಳಿಸಿದ್ದಾಳೆ ಎಂದಾಯಿತು. ಅವಳನ್ನು ಯಾರೂ ಹೊಡೆಯಲಿಲ್ಲ, ಬೈಯಲೂ ಇಲ್ಲವಂತೆ. ಕಾಲೇಜಿಗೆ ಕಳಿಸುವುದನ್ನು ನಿಲ್ಲಿಸಿದರು, ಅಷ್ಟೆ. ಪರೀಕ್ಷೆಗೆ ಆರು ವಾರ ಇತ್ತು. ಹಾಲ್ ಟಿಕೆಟ್ಟು ಬಂತು, ಅವಳು ಬರಲಿಲ್ಲ. ಮೇ ತಿಂಗಳಲ್ಲಿ ಹನೂರಿನ ಕಡೆ ಮದುವೆ ಮಾಡಿಕೊಟ್ಟರು. ಆ ಚೀಟಿ ಗೀಚಿದವನಿಗೆ ಏನಾಯಿತು? ಏನೂ ಆಗಲಿಲ್ಲ. ಪಾಸಾದ, ಕೆಲಸಕ್ಕೆ ಸೇರಿದ. ಅವಳ ಮದುವೆಯ ಊಟಕ್ಕೂ ಬಂದಿದ್ದ.

ಮರುವರ್ಷ ‘ಪ್ರೇಮಲೋಕ’ ಬಂತು. 1987. ರವಿಚಂದ್ರನ್, ಜೂಹಿ ಚಾವ್ಲಾ, ಹಂಸಲೇಖರ ಹಾಡುಗಳು. ಲಹರಿಯವರ ಆ ಕ್ಯಾಸೆಟ್ಟು ಲಕ್ಷಗಟ್ಟಲೆ ಖರ್ಚಾಯಿತು. ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಇಳಿದವರು ಮನೆ ಮುಟ್ಟುವಷ್ಟರಲ್ಲಿ ನಾಲ್ಕು ಅಂಗಡಿಯಲ್ಲಿ ನಾಲ್ಕು ಹಾಡು ಕೇಳಿರುತ್ತಿದ್ದರು. ಹಾಡುಗಳೇ ಮಾತುಕತೆ. ನಾವು ಕಾಲೇಜಿನಲ್ಲಿ ಆಡುವಂಥ ಮಾತು, ನಡುವೆ ಇಂಗ್ಲಿಷು, ಛೇಡಿಸುವುದು, ತಿರುಗಿಸಿ ಕೊಡುವುದು. ಕಾವ್ಯದ ಕನ್ನಡ ಇಳಿದು ಬೀದಿಗೆ ಬಂದಿತ್ತು. ಅದಕ್ಕೆ ಮೊದಲು ಕನ್ನಡ ಸಿನಿಮಾ ಹಾಡು ಹೀಗೆ ಮಾತಾಡುತ್ತಿತ್ತೇ ಎಂದು ನೆನೆದು ನೋಡಿದರೆ, ಹಂಸಲೇಖ ಮಾಡಿದ ಕೆಲಸ ಎಷ್ಟು ದೊಡ್ಡದು ಎಂದು ತಿಳಿಯುತ್ತದೆ. ನಾನು ಆಗ ಬಿ.ಎ. ಎರಡನೆಯ ವರ್ಷ. ಹಾಡುಗಳೆಲ್ಲ ಬಾಯಿಪಾಠ. ಆದರೆ ಪ್ರೀತಿಸಿ ಪ್ರೀತಿಸಿ ಎಂದು ಊರಿನ ಲೌಡ್ ಸ್ಪೀಕರೆಲ್ಲ ಕೂಗುತ್ತಿದ್ದಾಗ, ಹನ್ನೆರಡು ಹಾಡಿನ ಚೀಟಿಗೆ ಓದು ಕಳೆದುಕೊಂಡವಳು ಇಪ್ಪತ್ತೈದು ಕಿಲೋಮೀಟರ್ ದೂರದಲ್ಲಿ ಕೂಸಿಗೆ ಹಾಲೂಡಿಸುತ್ತಿದ್ದಳು.

ಎರಡು ವರ್ಷದ ಹಿಂದೆ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಹುಡುಗಿಯರು ಅದೇ ಚಿತ್ರದ ಹಾಡೊಂದಕ್ಕೆ ನೃತ್ಯ ಕಲಿಯುತ್ತಿದ್ದರು. ಒಂಬತ್ತನೆಯ ತರಗತಿಯ ಒಬ್ಬಳು ಹಾಡು ನಿಲ್ಲಿಸಿ ಕೇಳಿದಳು: ‘ಮಿಸ್, ಅವ್ಳು ಬ್ಯಾಡ ಅಂತಿದ್ರೂ ಇವ್ನು ಯಾಕ ಹಿಂದಿಂದನೇ ಬತ್ತಾನ?’ ಮೂವತ್ತೇಳು ವರ್ಷ ನಾನು ಆ ಹಾಡು ಗುನುಗಿದ್ದೇನೆ, ಈ ಪ್ರಶ್ನೆ ನನಗೆ ಬಂದಿರಲಿಲ್ಲ. ಆ ಹುಡುಗಿ ಚೆನ್ನಾಗಿಯೇ ಕುಣಿದಳು ಎನ್ನುವುದನ್ನೂ ಹೇಳಬೇಕು.

ನಮ್ಮ ಸೀಮೆಗೇ ಸೇರಿದ ಹಾಡುಗಳ ಮಾತು ಬಿಟ್ಟರೆ ಈ ಕಥೆ ಅರ್ಧವಾಗುತ್ತದೆ. ಹನೂರಿನ ಮೇಲೆ ಬೆಟ್ಟಕ್ಕೆ ಹೋಗುವ ಬಸ್ಸುಗಳಲ್ಲಿ ಮಾದಪ್ಪನ ಕ್ಯಾಸೆಟ್ಟು. ದೀಪಾವಳಿ, ಶಿವರಾತ್ರಿ, ಯುಗಾದಿಗೆ ಅದೇ ವ್ಯಾಪಾರ. ಕಂಸಾಳೆಯ ದೇವರಗುಡ್ಡರು, ಚಿಕ್ಕಲ್ಲೂರು ಜಾತ್ರೆಯಲ್ಲಿ ತಂಬೂರಿ ಹಿಡಿದು ಮಂಟೇಸ್ವಾಮಿ, ಸಿದ್ದಪ್ಪಾಜಿಯ ಕಥೆ ಹೇಳುವ ನೀಲಗಾರರು, ರಾತ್ರಿಯೆಲ್ಲ ಹಾಡುವವರು. ಅವರ ಕಥೆಗೆ ಅರುವತ್ತು ನಿಮಿಷದ ಕ್ಯಾಸೆಟ್ಟು ಸಾಲುವುದೇ? ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಮಾದೇಶ್ವರನ ಕಾವ್ಯವನ್ನು ವಿದ್ವಾಂಸರು ಬರೆದುಕೊಂಡು ದೊಡ್ಡ ಗ್ರಂಥವಾಗಿಯೇ ಅಚ್ಚು ಹಾಕಬೇಕಾಯಿತು. ಕ್ಯಾಸೆಟ್ಟಿಗೆ ಬಂದದ್ದು ಅದರ ತುಣುಕು. ಆದರೂ ಬಂತು. ಗಂಡಸರ ಹಾಡು ಜಾತ್ರೆಯ ಹಾಡು, ಬೀದಿಯಲ್ಲಿ ನಿಂತದ್ದು, ಆದ್ದರಿಂದ ಅಂಗಡಿಗೂ ಹೋಯಿತು. ಹೆಂಗಸರ ಹಾಡು ಒಳಮನೆಯದು.

ನಮ್ಮ ಅವ್ವ ಸೋಬಾನೆ ಹೇಳುವುದರಲ್ಲಿ ಹೆಸರಾದವಳು. ಯಳಂದೂರಿನಿಂದ ಬರುವಾಗ ತಂದದ್ದು ಎರಡು ಹಿತ್ತಾಳೆ ಬಿಂದಿಗೆ ಮತ್ತು ನೂರಾರು ಪದ. ಹಸೆಗೆ ಕರೆಯುವುದಕ್ಕೆ ಒಂದು, ಎಣ್ಣೆಶಾಸ್ತ್ರಕ್ಕೆ ಒಂದು, ಹೆಣ್ಣು ಒಪ್ಪಿಸುವುದಕ್ಕೆ ಒಂದು. ಆ ಊರಿಗೆ ಅದೇನೂ ಹೊಸದಲ್ಲ. ಮುನ್ನೂರು ವರ್ಷದ ಹಿಂದೆ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಅಡಿಕೆಯ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮ ಯಳಂದೂರಿನವಳು. ಅವಳು ‘ಹದಿಬದೆಯ ಧರ್ಮ’ ಬರೆದದ್ದು ಹಾಡಿಗೆ ಒಗ್ಗುವ ಸಾಂಗತ್ಯದಲ್ಲಿ. ಹೆಂಡತಿಯ ಧರ್ಮವನ್ನು ಹೇಳುತ್ತ ಹೇಳುತ್ತಲೇ, ಹೆತ್ತವಳು ಹೆಣ್ಣು, ಸಾಕಿದವಳು ಹೆಣ್ಣು, ಮತ್ತೆ ಹೆಣ್ಣನ್ನು ಹಳಿಯುವುದು ಯಾಕೆ ಎಂದು ಕೇಳಿಬಿಟ್ಟವಳು. ಪರೀಕ್ಷೆಗೆ ಅವಳನ್ನು ಓದಿದೆವು, ಕ್ಯಾಸೆಟ್ಟಿನಲ್ಲಿ ಕೇಳಲಿಲ್ಲ.

1983ರಲ್ಲಿ ಅಕ್ಕನ ಮದುವೆ. ಮೈಕ್‌ಸೆಟ್ಟಿನವನು ಹಸೆಯ ಹೊತ್ತಿಗೆ ಸರಿಯಾಗಿ ಕ್ಯಾಸೆಟ್ಟು ಹಾಕಿದ. ಅವ್ವನೂ ಅವಳ ಓರಗಿತ್ತಿಯರೂ ಬಾಯಿ ತೆಗೆದವರು ಒಂದೆರಡು ಸಾಲಿಗೆ ನಿಲ್ಲಿಸಿದರು. ಹಾರನ್ನಿನ ಎದುರು ಆರು ಹೆಂಗಸರ ದನಿ ಎಲ್ಲಿ ನಿಲ್ಲುತ್ತದೆ? ಯಾರಿಗೂ ಅದು ದೊಡ್ಡದಾಗಿ ಕಾಣಲಿಲ್ಲ, ಮದುವೆ ಚೆನ್ನಾಗಿಯೇ ನಡೆಯಿತು. ಆಮೇಲೆ ಯಾವ ಮದುವೆಯಲ್ಲೂ ಅವರನ್ನು ಹಾಡಿ ಎಂದು ಕರೆದವರಿಲ್ಲ. ಹೀಗೆ, ನಮಗೆ ಹಾಡು ಕೊಟ್ಟ ಪೆಟ್ಟಿಗೆಯೇ ಅವ್ವನ ಬಾಯಿಂದ ಹಾಡು ತೆಗೆದುಕೊಂಡಿತು.

ಕಾಲೇಜಿಗೆ ಸೇರಿದ ಮೇಲೆ ನನಗೆ ಅವ್ವನ ಪದಗಳನ್ನು ಹಿಡಿದಿಡಬೇಕೆಂದು ಆಸೆಯಾಯಿತು. ಹೊಸ ಕ್ಯಾಸೆಟ್ಟು ಹಾಕಿ, ಕೆಂಪು ಗುಂಡಿ ಒತ್ತಿ ಅವಳ ಮುಂದಿಟ್ಟೆ. ಆ ಕ್ಯಾಸೆಟ್ಟು ಹಾಡುವ ಹನ್ನೆರಡರಲ್ಲಿ ಒಂದು. ಲಾಳಿಯ ಸದ್ದು ಕೇಳುತ್ತದೆ, ಯಾವುದೋ ಕೂಸು ಅಳುತ್ತದೆ. ಆಮೇಲೆ ಅವ್ವ: ‘ಮದ್ವ ಇಲ್ದ ಮನಲಿ ಸೋಬಾನ ಹೇಳ್ಬಾರ್ದು ಕನ ಕೂಸೆ. ಪದ ಅಂದ್ರ ಬೇಕು ಅಂದಾಗ ಹೇಳದಲ್ಲ. ಅದ ಮುಚ್ಚು, ಅಕ್ಕಿ ಆರ್ಸದದ.’ ಅಷ್ಟೇ. ಮುಂದೆ ಖಾಲಿ. ಅವ್ವ 1998ರಲ್ಲಿ ಹೋದಳು. ಪದ ಬೇಕೆಂದಾಗ ಕೇಳುವುದು ನಮ್ಮ ಸುಖ, ಹೊತ್ತು ಬಂದಾಗ ಮಾತ್ರ ಹೇಳುವುದು ಅವಳ ನೇಮ. ಹನ್ನೊಂದು ಹಾಡುವ ಕ್ಯಾಸೆಟ್ಟುಗಳಿಗಿಂತ ಈ ಹಾಡದ ಒಂದನ್ನೇ ಮಗಳು ತನ್ನ ಫೋನಿಗೆ ತೆಗೆದುಕೊಂಡಿದ್ದಾಳೆ.

ಕಳೆದ ವರ್ಷ ಹನೂರಿನಲ್ಲಿ ಮಾರ್ಚಿ ಪರೀಕ್ಷೆಯ ಕೆಲಸಕ್ಕೆ ಹೋದಾಗ ಗೆಳತಿಯ ಮನೆಗೆ ಹೋದೆ. ಗಂಡ ತೀರಿಕೊಂಡು ಹತ್ತು ವರ್ಷ, ಬ್ಲೌಸು ಹೊಲಿದು ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದ್ದಾಳೆ; ಒಬ್ಬಳು ನರ್ಸು, ಇನ್ನೊಬ್ಬಳು ಬ್ಯಾಂಕಿನಲ್ಲಿ. ಮೊದಲ ಸಲ ಧೈರ್ಯ ಮಾಡಿ ಕೇಳಿದೆ: ‘ಏನೆ, ಆ ಚೀಟೀಲಿ ಏನ್ ಹಾಡ್ ಬರ್ದಿದ್ದೆ?’ ಅವಳು ಕತ್ತರಿ ಕೆಳಗಿಟ್ಟು ಬೆರಳು ಮಡಿಸುತ್ತ ಎಣಿಸಿದಳು. ರಾಜ್‌ಕುಮಾರ್ ಹಾಡಿದ ರಾಘವೇಂದ್ರ ಸ್ವಾಮಿಯ ಭಕ್ತಿಗೀತೆ ಎರಡು. ‘ನಿತ್ಯೋತ್ಸವ’ದ್ದು ಮೂರು. ಷರೀಫರದು ಎರಡು. ‘ಮೈಸೂರ ಮಲ್ಲಿಗೆ’ಯದು ಎರಡು. ‘ಮೂನ್ರಾಂ ಪಿರೈ’ ಚಿತ್ರದಲ್ಲಿ ಯೇಸುದಾಸ್ ಹಾಡಿದ ತಮಿಳು ಲಾಲಿ. ಕೊನೆಗೆ ‘ಗೀತಾ’ದ ಯುಗಳಗೀತೆ, ಒಂದೇ ಒಂದು.

‘ಹನ್ನೊಂದಾಯ್ತು’ ಎಂದೆ.

‘ಹನ್ನೆರಡ್ನೆದು ನೀನ್ ಹೇಳ್ತೀನಿ ಅಂದಿದ್ದೆಯಲ್ಲ, ಜಾಗ ಬುಟ್ಟಿದ್ದೆ’ ಎಂದಳು. ‘ಹಾಡ್ನ ಹೆಸ್ರ ಯಾರೂ ಓದ್ನೇ ಇಲ್ಲ ಕಣೆ. ಅಕ್ಷರ ಹೆಣ್ಣೈಕ್ಳದು ಅಂತ ನೋಡುದ್ರು, ಸಾಕಾಯ್ತು.’

ಆ ಹನ್ನೊಂದನ್ನೂ ಅವಳ ಮಗಳು ಸಣ್ಣ ಸ್ಪೀಕರಿಗೆ ತುಂಬಿಸಿಕೊಟ್ಟಿದ್ದಾಳೆ, ಹೊಲಿಗೆ ಮಿಷನ್ನಿನ ಪಕ್ಕದಲ್ಲೇ ಇರುತ್ತದೆ. ನಾನಿದ್ದಾಗಲೂ ಹಾಡುತ್ತಿತ್ತು. ಯಾರದೋ ಮದುವೆಯ ರವಿಕೆ ಅರ್ಜೆಂಟಿತ್ತು, ಅವಳು ಮಿಷನ್ ನಿಲ್ಲಿಸಲಿಲ್ಲ. ಲಾಲಿ ಬಂದಾಗ ಮಾತ್ರ ಪೆಡಲಿನ ಮೇಲಿನ ಕಾಲು ತೆಗೆಯದೆ, ಕೈ ಚಾಚಿ ಸದ್ದು ಜಾಸ್ತಿ ಮಾಡಿದಳು.